ಮುಚ್ಚಿರುತ್ತೇನೆ

9 ಜನವರಿ

ಮೈದುನ ಮಹಾಶಯರಿಗೆ,

ನಿನ್ನ ಅಭ್ಯಾಸದ ಹಾಳೆಗಳು ಬಂದವು. ನೋಡಿದೆ, ತಲೆ ಚಚ್ಚಿಕೊಂಡೆ. ಕೆಂಪು ಪೆನ್ನು ಅರ್ಧದಲ್ಲೇ ಕೈಕೊಟ್ಟಿತು, ಉಳಿದದ್ದನ್ನು ಹಸಿರಿನಲ್ಲಿ ತಿದ್ದಿದ್ದೇನೆ. ಹಸಿರು ನೋಡಿ ಸರಿಯಾಗಿದೆ ಅಂದುಕೊಂಡು ಬೀಗಬೇಡ.

"ಫೋನಿನಲ್ಲೇ ಹೇಳ್ಕೊಡಿ ಅತ್ತಿಗೆ" ಎಂದು ಮತ್ತೆ ಗೋಗರೆದರೆ ಪಾಠವೇ ನಿಲ್ಲಿಸಿಬಿಡುತ್ತೇನೆ. ಫ್ರೆಂಚಿನಲ್ಲಿ ಅರ್ಧ ಅಕ್ಷರಗಳು ಕಿವಿಗೆ ಬೀಳುವುದೇ ಇಲ್ಲ. ನೀನು ಬಾಯಲ್ಲಿ ನುಂಗಿಹಾಕುವುದೆಲ್ಲ ಕಾಗದದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಸಂಜೆ ತರಗತಿಯಲ್ಲಿ ಎಷ್ಟೋ ಜನರಿಗೆ ಕಲಿಸುತ್ತೇನೆ, ನಿನ್ನಷ್ಟು ನುಂಗುವವನನ್ನು ಕಂಡಿಲ್ಲ. ನಿನ್ನ ಹೆಂಡತಿ ಊರಿಗೆ ಹೊರಟಳು ಅಂತ ಬರೆದಿದ್ದೀಯಲ್ಲ, ಹೆಣ್ಣಿಗೆ ಹಾಕಬೇಕಾದ ಕೊನೆಯ ಅಕ್ಷರವನ್ನೇ ಬಿಟ್ಟು ಅವಳನ್ನು ಗಂಡಸು ಮಾಡಿಬಿಟ್ಟಿದ್ದೀಯ. ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕಳು.

ಹೊಸ ಪಾಠದ ಹೆಸರು ಫ್ಯುತ್ಯೂರ್ ಆಂತೇರ್ಯೂರ್. ಹೆಸರು ಕೇಳಿ ಹೆದರಬೇಡ, ನಾನಿದನ್ನು 'ಮಾಡಿರುತ್ತೇನೆ ಕಾಲ' ಎನ್ನುತ್ತೇನೆ. ಮುಂದೆ ಬರುವ ಒಂದು ಹೊತ್ತನ್ನು ಮನಸ್ಸಿನಲ್ಲಿ ಇಟ್ಟುಕೋ. ಅಷ್ಟರೊಳಗೆ ಮುಗಿದುಹೋಗಿರುವ ಕೆಲಸಕ್ಕೆ ಈ ಕಾಲ. "ನೀನು ಬರುವಷ್ಟರಲ್ಲಿ ಮುಗಿಸಿರುತ್ತೇನೆ." ನಾವು 'ಮುಗಿಸಿ'ಗೆ 'ಇರುತ್ತೇನೆ' ಅಂಟಿಸುತ್ತೇವೆ. ಅವರದೂ ಎರಡೇ ತುಂಡು, ಆದರೆ ಹಿಂದುಮುಂದು. ಮೊದಲು ಅವ್ವಾರ್ ಎಂಬ ಸಹಾಯಕ ಪದ ಭವಿಷ್ಯದ ವೇಷ ಹಾಕಿಕೊಂಡು ಬರುತ್ತದೆ, ಅದರ ಹಿಂದೆ ಮುಗಿದ ಕೆಲಸ. ಜೊರೆ ಫಿನಿ, ನಾನು ಮುಗಿಸಿರುತ್ತೇನೆ. ತ್ಯು ಓರಾ ಫಿನಿ, ನೀನು ಮುಗಿಸಿರುತ್ತೀಯ. ಹೋಗು, ಬಾ, ಹೊರಡು, ತಲುಪು, ಇಂಥವಕ್ಕೆ ಮಾತ್ರ ಅವ್ವಾರ್ ಬದಲು ಎತ್ರ್. ಜ ಸರೆ ಪಾರ್ತಿ, ನಾನು ಹೊರಟಿರುತ್ತೇನೆ.

ಹತ್ತು ವಾಕ್ಯ ಬರೆದು ಕಳಿಸು. ಮೇ ತಿಂಗಳ ಭಾಷಾ ಪರೀಕ್ಷೆ ಪಾಸಾದರೆ ಲಾಂಡ್ರಿ ಕೆಲಸ ಕಾಯಂ, ಕಾಯಂ ಆದರೆ ನಿನ್ನ ಹೆಂಡತಿ ಆ ಪರದೇಶಕ್ಕೆ ಬರಬಹುದು ಅಂತ ನೀನೇ ತಾನೇ ಬರೆದದ್ದು? ನನ್ನ ವಾರಗಿತ್ತಿ ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲಿ ನಿಂತು ದಿನಾ ಕೇಳುತ್ತಾಳೆ, "ಅಕ್ಕಾ, ಇವರು ಸರಿಯಾಗಿ ಓದ್ತಿದಾರಾ?" ನಾನೇನು ಹೇಳಲಿ, ನಿನ್ನ ಮಾನ ಉಳಿಸಲು "ಹೂಂ" ಅನ್ನುತ್ತೇನೆ.

ಕಿವಿ ಹಿಂಡಲು ಕೈ ಎಟುಕದ,
ಅತ್ತಿಗೆ

◆

27 ಜನವರಿ

ಅತ್ತಿಗೆಗೆ ನಮಸ್ಕಾರ.

ಬೈಗುಳ ತಲುಪಿತು. ಹತ್ತು ವಾಕ್ಯ ಈ ಪತ್ರದ ಹಿಂದಿನ ಹಾಳೆಯಲ್ಲಿವೆ. ಎಲ್ಲವೂ ಲಾಂಡ್ರಿಯವೇ, ಬೇರೆ ಏನೂ ಹೊಳೆಯಲಿಲ್ಲ. ಇಲ್ಲಿ ಆಸ್ಪತ್ರೆಗಳ, ಹೋಟೆಲುಗಳ ಚಾದರಗಳು ಗುಡ್ಡದ ಹಾಗೆ ಬಂದು ಬೀಳುತ್ತವೆ. ಒದ್ದೆ ಚಾದರದ ಅಂಚು ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡುವುದು ನನ್ನ ಕೆಲಸ, ಆ ಕಡೆ ಗರಿಗರಿಯಾಗಿ ಹೊರಬರುತ್ತದೆ. ರೋಲರಿಗೆ ಉಗಿ ಬರುವ ಪೈಪಿಗೆ ಒಂದು ಚಕ್ರದ ವಾಲ್ವ್ ಇದೆ. ನನ್ನ ಪಾಳಿ ಮುಗಿದ ಮೇಲೆ ಅದನ್ನು ತಿರುಗಿಸಿ ಮುಚ್ಚಿ ನಾನು ಹೊರಡಬೇಕು. ಮುಂದಿನ ಪಾಳಿಯಾಕೆ ಬಂದು, ಕೆಳಗಿನ ಸಣ್ಣ ನಲ್ಲಿ ಬಿಚ್ಚಿ ಪೈಪಿನಲ್ಲಿ ಉಳಿದ ನೀರನ್ನು ಬಸಿಯುತ್ತಾಳೆ. ವಾಲ್ವ್ ಮುಚ್ಚಿದ್ದರೆ ಉಗುರುಬೆಚ್ಚಗಿನ ನೀರು. ತೆರೆದಿದ್ದರೆ ಉಗಿ, ಕೈ ಬೆಂದೇ ಹೋಗುತ್ತದೆ.

ಈ ಮುಂದಿನ ಪಾಳಿಯಾಕೆಗೆ ನಾನು ಗೊಣಗಮ್ಮ ಅಂತ ಹೆಸರಿಟ್ಟಿದ್ದೇನೆ. ಕೂತರೆ ಗೊಣಗು, ನಿಂತರೆ ಗೊಣಗು. ನಾನು ಬಾಯಿ ತೆರೆದರೆ ಸಾಕು, ಎಲ್ಲರೆದುರು ನನ್ನ ಉಚ್ಚಾರಣೆ ಅಣಕಿಸುತ್ತಾಳೆ. ನನ್ನ ಕಂಡರೆ ಆಕೆಗಾಗದು, ಆಕೆಯ ಕಂಡರೆ ನನಗಾಗದು.

ಆದರೆ ಒಂದು ಸಂದೇಹ ಆಕೆಯಿಂದಲೇ ಹುಟ್ಟಿತು. ನಿನ್ನೆ ಲಾರಿ ಡ್ರೈವರ್ ಒಂದು ಗಂಟು ಚಾದರ ಬಿಟ್ಟುಹೋಗಿದ್ದ. ಗೊಣಗಮ್ಮ ಮುಖ ಸಿಂಡರಿಸಿ "ಇಲ್ ಓರಾ ಊಬ್ಲಿಯೆ" ಅಂದಳು. ಅವನು ಮರೆತಿರುತ್ತಾನೆ! ಮರೆತದ್ದು ಆಗಲೇ ಆಗಿಹೋಗಿದೆ ಅಲ್ಲವೇ ಅತ್ತಿಗೆ? ನಿನ್ನೆಯ ವಿಷಯಕ್ಕೆ ನಾಳೆಯ ಕಾಲ ಏಕೆ? ಆಕೆ ತಪ್ಪು ಮಾತಾಡಿದಳು ಅಂತ ನೀವು ಬರೆದರೆ ನನಗೆ ಪರಮ ಸಂತೋಷ.

ನಿಮ್ಮ ದಡ್ಡ ಶಿಷ್ಯ,
ಮೈದುನ

◆

10 ಫೆಬ್ರವರಿ

ಪ್ರೀತಿಯ ದಡ್ಡನಿಗೆ,

ನಿನ್ನ ಸಂತೋಷಕ್ಕೆ ಕಲ್ಲು ಹಾಕುತ್ತಿದ್ದೇನೆ. ಗೊಣಗಮ್ಮ ಹೇಳಿದ್ದು ನೂರಕ್ಕೆ ನೂರು ಸರಿ.

ಈ ಕಾಲಕ್ಕೆ ಇನ್ನೊಂದು ಕೆಲಸ ಇದೆ. ನೋಡಿಲ್ಲ, ಆದರೆ ಹೀಗೇ ಆಗಿರಬೇಕು ಅಂತ ಊಹಿಸುವಾಗಲೂ ಇದೇ. ಬಾಯಿ ಬಿಟ್ಟುಕೊಂಡು ಓದಬೇಡ, ನೀನೂ ಹುಟ್ಟಿದಾಗಿನಿಂದ ಹೀಗೇ ಮಾತಾಡುತ್ತಿದ್ದೀಯ. ನಿನ್ನಣ್ಣ ಮೊಬೈಲ್ ಎಲ್ಲಿ ಅಂತ ಮನೆಯೆಲ್ಲ ತಡಕಾಡುವಾಗ ನಾನೇನು ಹೇಳುತ್ತೇನೆ? "ಸ್ಕೂಟರ್ ಡಿಕ್ಕಿಯಲ್ಲೇ ಬಿಟ್ಟಿರ್ತೀರಾ." ನಾಳೆ ಬಿಡುತ್ತಾರೆ ಅಂತಲೇ? ಆಗಲೇ ಬಿಟ್ಟಾಗಿದೆ, ನಾನು ಕಣ್ಣಾರೆ ಕಂಡಿಲ್ಲ ಅಷ್ಟೇ. 'ಬಿಟ್ಟಿದ್ದೀರಾ' ಅಂದರೆ ಕಂಡದ್ದು. 'ಬಿಟ್ಟಿರ್ತೀರಾ' ಅಂದರೆ ಊಹೆ. ಎರಡು ಭಾಷೆಗಳು ಮಾತಾಡಿಕೊಂಡವರ ಹಾಗೆ ಒಂದೇ ಉಪಾಯ ಮಾಡಿವೆ. ಇದನ್ನು ಮೊದಲ ಸಲ ಗಮನಿಸಿದ ದಿನ ನನಗೆ ಖುಷಿಯಿಂದ ಕೂರಲಾಗಲಿಲ್ಲ, ನಿನ್ನಣ್ಣನಿಗೆ ಹೇಳಿದರೆ "ಕಾಫಿ ಆಯ್ತಾ?" ಅಂದರು.

ಇನ್ನು ನಿನ್ನ ವಾಕ್ಯಗಳು. 'ಚಾದರ ಒಣಗಿದಾಗ ಮಡಚುವೆ' ಎಂಬಲ್ಲಿ ಎಡವಿದ್ದೀಯ. ಮಡಚುವುದು ನಾಳೆ ಆದರೆ ಒಣಗುವುದೂ ನಾಳೆಯೇ ಅಲ್ಲವೇ? ನಮಗೆ 'ಒಣಗಿದಾಗ' ಅಂದರೆ ಸಾಕು, ಅವರಿಗೆ 'ಒಣಗಿರುವಾಗ' ಎಂಬುದನ್ನೂ ಇದೇ ಕಾಲದಲ್ಲೇ ಹೇಳಬೇಕು. ಕನ್ನಡದವರೆಲ್ಲ ಬೀಳುವ ಗುಂಡಿ ಇದು, ನೀನೂ ಬಿದ್ದೆ, ಎದ್ದು ಮೈ ಕೊಡವಿಕೋ. ಉಳಿದದ್ದೆಲ್ಲ ಸರಿ. ಒಂಬತ್ತೂ ಸರಿ! ಈ ಸಲ ಕೆಂಪು ಪೆನ್ನಿಗೆ ಬೇರೆ ಕೆಲಸವೇ ಇರಲಿಲ್ಲ. ವಾರಗಿತ್ತಿಗೆ ಈ ಸಲ ಮನಸಾರೆ "ಹೂಂ" ಅಂದೆ.

ಹೆಮ್ಮೆಯನ್ನು ಬಚ್ಚಿಟ್ಟುಕೊಂಡಿರುವ,
ಅತ್ತಿಗೆ

◆

3 ಮಾರ್ಚ್

ಅತ್ತಿಗೆ,

ಇವತ್ತು ವಾಕ್ಯಗಳಿಲ್ಲ. ಅನಾಹುತವಾಗಿದೆ.

ಹೋದ ವಾರ ನಾನು ಪಾಳಿ ಮುಗಿಸಿ ಹೊರಬಿದ್ದ ಸ್ವಲ್ಪ ಹೊತ್ತಿಗೆ ಗೊಣಗಮ್ಮ ಕೆಳಗಿನ ನಲ್ಲಿ ಬಿಚ್ಚಿದ್ದಾಳೆ. ಉಗಿ ನುಗ್ಗಿದೆ. ಬಲಗೈ ಮೊಣಕೈವರೆಗೆ ಬೆಂದಿದೆ. ಕಿರುಚಾಟ ಕೇಳಿ ಯಾರ್ಯಾರೋ ಓಡಿ ಬಂದರು, ಯಾರೋ ವಾಲ್ವ್ ತಿರುಗಿಸಿದರು. ಅದು ತೆರೆದಿತ್ತಂತೆ. ನಾನು ಗೇಟಿನಿಂದ ವಾಪಸ್ ಓಡಿಬಂದಾಗ ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಆಕೆ ಗೊಣಗುತ್ತಿರಲಿಲ್ಲ ಅತ್ತಿಗೆ. ಸುಮ್ಮನೆ ನನ್ನನ್ನೇ ನೋಡಿದಳು.

ಅಲ್ಲೇ ನಿಂತ ಹಾಗೆ ಹೇಳಿಕೆ ಬರೆದುಕೊಡಲು ಹೇಳಿದರು. ಬರೆದೆ. 'ಹೊರಡುವ ಮುಂಚೆ ವಾಲ್ವ್ ಮುಚ್ಚಿರುತ್ತೇನೆ' ಅಂತ. ಜೊರೆ ಫೆರ್ಮೆ. ಮುಚ್ಚಿದ್ದೇನೆ ಅನ್ನಲು ಜೆ ಫೆರ್ಮೆ ಅಂದರೆ ಸಾಕಿತ್ತು, ಆದರೆ ಕೈಗೆ ಬಂದದ್ದು ಜೊರೆ.

ಈಗ ಸೂಪರ್‌ವೈಸರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು ಹೇಳಿದ. ನಾನು ಮುಚ್ಚಿದ್ದೇನೆ ಅಂತ ಖಡಾಖಂಡಿತ ಬರೆದರೆ, ಆಕೆಯೇ ಅವಸರಕ್ಕೆ ನೀರು ಬಸಿಯುವ ಮುಂಚೆ ತೆರೆದುಕೊಂಡಳು ಅಂತಾಗುತ್ತದೆ, ಲಾಂಡ್ರಿಯ ಮೇಲೆ ಏನೂ ಬರುವುದಿಲ್ಲ, ಆಕೆಗೆ ಪರಿಹಾರವೂ ಕೊಡಬೇಕಾಗಿಲ್ಲ. ನನ್ನ ಕಾಯಂ ಪತ್ರಕ್ಕೆ ಅವನೇ ಸಹಿ ಹಾಕುತ್ತಾನಂತೆ. 'ಮುಚ್ಚಿರುತ್ತೇನೆ' ಅಂತಲೇ ಉಳಿದರೆ, ಮುಚ್ಚಿಲ್ಲದೆಯೂ ಇರಬಹುದು ಅಂತ ವಿಚಾರಣೆಯವರು ಓದುತ್ತಾರೆ. ಫ್ರೆಂಚ್ ಬರಹದಲ್ಲಿ ಮಧ್ಯದ ಮೂರು ಅಕ್ಷರ ಹೊಡೆದುಹಾಕಿದರೆ ಜೊರೆ ಹೋಗಿ ಜೆ ಆಗುತ್ತದೆ. ಮೂರೇ ಅಕ್ಷರ. ಆದರೆ ಸುಮ್ಮನೆ ತಿದ್ದುವಂತಿಲ್ಲ, ಕಾರಣ ಬೇಕು. "ನಿಂಗೆ ಕಾಲಗಳು ಸರಿಯಾಗಿ ಬರಲ್ಲ, ತಪ್ಪಿ ಬರೆದಿದೀಯ ಅಂತ ನಿನ್ನ ಟೀಚರ್ ಹತ್ರ ಬರೆಸ್ಕೊಂಡು ಬಾ" ಅಂದ.

ನನ್ನ ಟೀಚರ್ ನೀವು. ನಿಮ್ಮ ಸಂಸ್ಥೆಯ ಮೊಹರು ಇರುವ ಹಾಳೆಯಲ್ಲಿ ನಾಲ್ಕು ಸಾಲು. ಬರೆದುಕೊಡುತ್ತೀರಾ?

ಮೈದುನ

◆

14 ಮಾರ್ಚ್

ಏನೋ ನಿನ್ನ ಕತೆ!

ಮೂರು ದಿನ ಪೆನ್ನು ಮುಟ್ಟಲಿಲ್ಲ, ಮುಟ್ಟಿದ್ದರೆ ಕಾಗದ ಹರಿದುಹೋಗುತ್ತಿತ್ತು. ಕಾಲ ಬರುವುದಿಲ್ಲವೇ ನಿನಗೆ? ಹತ್ತು ವಾಕ್ಯ ಕಳಿಸಿದವನು ಯಾರು? ಹುಡುಕಿ ಹುಡುಕಿ ಒಂದೇ ಒಂದು ತಪ್ಪು ಹಿಡಿದೆ, ಅದೂ ಊಹೆಯ ವಾಕ್ಯದ್ದಲ್ಲ. 'ನೋಡಿಲ್ಲ, ಆದರೆ ಆಗಿರಬೇಕು' ಅಂತ ನಾನು ಬರೆದದ್ದನ್ನು ಓದಿದ ಕೆಲವೇ ದಿನಕ್ಕೆ ನೀನು ಅದನ್ನು ಬಳಸಿದ್ದೀಯ. ಅಂಥವನಿಗೆ ಬರುವುದಿಲ್ಲ ಅಂತ ಮೊಹರು ಒತ್ತಲೇ? ಇಷ್ಟು ವರ್ಷ ಪಾಠ ಹೇಳಿದ ಬಾಯಲ್ಲಿ?

ನನಗೆ ಲಾಂಡ್ರಿ ಗೊತ್ತಿಲ್ಲ, ಉಗಿ ಗೊತ್ತಿಲ್ಲ. ಒಂದು ಕೇಳುತ್ತೇನೆ, ನೇರ ಉತ್ತರ ಕೊಡು. ಅವತ್ತು ನೀನು ಆ ವಾಲ್ವ್ ಮುಚ್ಚಿದೆಯಾ ಇಲ್ಲವಾ?

ಅತ್ತಿಗೆ

◆

25 ಮಾರ್ಚ್

ಅತ್ತಿಗೆಗೆ,

ಮುಚ್ಚಿರ್ತೀನಿ.

ನಗಬೇಡಿ, ಬೈಯಲೂಬೇಡಿ. ಎಷ್ಟು ಸಲ ಕೇಳಿಕೊಂಡರೂ ಬಾಯಿಗೆ ಬರುವುದು ಅದೊಂದೇ. ದಿನಾ ಮುಚ್ಚುವ ಕೈ ಇದು. ಚಕ್ರದ ಬೆಚ್ಚನೆಯ ಅಂಚು ಅಂಗೈಗೆ ನೆನಪಿದೆ, ಆದರೆ ಅದು ಯಾವ ದಿನದ್ದು? ಅವತ್ತು ಒಂದು ಚಾದರ ರೋಲರಿನಲ್ಲಿ ಸಿಕ್ಕಿಕೊಂಡು ಎಳೆದಾಟ ಆಗಿತ್ತು. ಗೊಣಗಮ್ಮ ಬಂದು "ಇನ್ನೂ ಮುಗೀಲಿಲ್ವಾ, ಆಮೆ" ಅಂದಳು. ಸಿಟ್ಟು ನೆತ್ತಿಗೇರಿತು, ಆಕೆಯ ಮುಖ ನೋಡದೆ ಕೋಟು ಹಾಕಿಕೊಂಡೆ. ಕೋಟು ಹಾಕಿಕೊಂಡದ್ದು ನೆನಪಿದೆ. ಗುಂಡಿ ತಪ್ಪಿ ಹಾಕಿದ್ದೂ ನೆನಪಿದೆ. ಅದಕ್ಕೆ ಮುಂಚೆ ವಾಲ್ವಿನ ಹತ್ತಿರ ಹೋದದ್ದು, ಎಷ್ಟು ಜಾಲಾಡಿದರೂ ಸಿಗುತ್ತಿಲ್ಲ.

ಹೋಗಿರಲೂಬಹುದು. ಆಕೆಯೇ ತೆರೆದಿರಲೂಬಹುದು ಅಲ್ಲವೇ? ಆಕೆಗೂ ಅವಸರದ ಬುದ್ಧಿ ಇದೆ. ನಾನು ಸುಳ್ಳು ಹೇಳುತ್ತಿಲ್ಲ ಅತ್ತಿಗೆ, ಅರ್ಧ ಖಾತ್ರಿಯನ್ನು ಪೂರ್ತಿ ಮಾಡಿ ಹೇಳಿ ಅನ್ನುತ್ತಿದ್ದೇನೆ ಅಷ್ಟೇ. ನಿಮಗೆ ವ್ಯಾಕರಣ ದೊಡ್ಡದು. ನನಗೆ ಇಲ್ಲಿ ಬಾಡಿಗೆ ಕೋಣೆಯ ಗೋಡೆ ನೋಡಿ ನೋಡಿ ಸಾಕಾಗಿದೆ. ನಿಮ್ಮ ವಾರಗಿತ್ತಿ ಪ್ರತಿ ಸಲ ಫೋನಿನಲ್ಲಿ "ಯಾವಾಗ?" ಅಂತ ಕೇಳುವುದನ್ನೂ ಬಿಟ್ಟಿದ್ದಾಳೆ. ಕೇಳಿದರೇ ಚೆನ್ನಾಗಿತ್ತು.

ವಿಚಾರಣೆ ಏಪ್ರಿಲ್ ನಡುವಿಗೆ. ನೀವು ಬರೆಯದಿದ್ದರೆ ಬೇಡ. ನನ್ನ ಹಣೆಬರಹ ಅಂದುಕೊಳ್ಳುತ್ತೇನೆ.

ಮೈದುನ

◆

5 ಏಪ್ರಿಲ್

ಇದರ ಜೊತೆ ನೀನು ಕೇಳಿದ ಹಾಳೆ ಇಟ್ಟಿದ್ದೇನೆ. ಮೊಹರು ಒತ್ತಿದೆ. 'ಈ ವಿದ್ಯಾರ್ಥಿಗೆ ಫ್ಯುತ್ಯೂರ್ ಆಂತೇರ್ಯೂರ್ ಬಳಕೆ ತಿಳಿದಿಲ್ಲ, ಭೂತಕಾಲದ ಜೊತೆ ಕಲಸಿಕೊಳ್ಳುತ್ತಾನೆ' ಎಂದು ಬರೆದಿದ್ದೇನೆ. ಫ್ರೆಂಚಿನಲ್ಲಿ ತಪ್ಪಿಲ್ಲ.

ನಿನ್ನಣ್ಣ ಹೇಳಿದರು, "ಒಂದು ಹಾಳೆಗೆ ಇಷ್ಟು ಜಂಬವಾ? ಹುಡುಗನ ಬದುಕು ನೋಡು." ನಾನು ಎದುರುತ್ತರ ಕೊಟ್ಟೆ. ಎರಡು ದಿನ ಮಾತಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದರೆ, ನನ್ನ ವಾರಗಿತ್ತಿ ಒದ್ದೆ ಟವೆಲ್ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನ ನೋಡಿ ಗಡಬಡಿಸಿ ಹಗ್ಗಕ್ಕೆ ಹಾಕಿದಳು. ಒಳಗೆ ಬಂದವಳೇ ಬರೆದೆ.

ಅವಳಿಗೆ ಏನೂ ಹೇಳಿಲ್ಲ. ನೀನೂ ಹೇಳಬೇಡ. ಉತ್ತರವನ್ನೂ ಬರೆಯಬೇಡ.

ಅತ್ತಿಗೆ

◆

20 ಏಪ್ರಿಲ್

ಅತ್ತಿಗೆ,

ಬರೆಯಬೇಡ ಅಂದಿದ್ದೀರಿ, ಬರೆಯದೆ ಇರಲಾರೆ.

ವಿಚಾರಣೆಗೆ ಬಸ್ಸಿನಲ್ಲಿ ಹೋಗುತ್ತ ಬಾಯೊಳಗೇ 'ಜೆ ಫೆರ್ಮೆ, ಜೆ ಫೆರ್ಮೆ' ಅಂತ ಹೇಳಿಕೊಂಡೆ. ಎಷ್ಟು ಸಲೀಸಾಗಿ ಬಂತು ಗೊತ್ತಾ? ಹತ್ತು ಸಲ ಹೇಳುವಷ್ಟರಲ್ಲಿ ನಾನು ವಾಲ್ವ್ ತಿರುಗಿಸಿದ್ದು ಕಣ್ಣಿಗೆ ಕಟ್ಟಿದ ಹಾಗೆ ಕಾಣತೊಡಗಿತು. ಅಂಗಿಯ ತೋಳು ಮಡಚಿದ್ದು ಕೂಡ. ಇನ್ನು ಹತ್ತು ಸಲ ಹೇಳಿದ್ದರೆ ನಾನೇ ನಂಬಿಬಿಡುತ್ತಿದ್ದೆ. ಆಮೇಲೆ ನಿಜ ಏನು ಅಂತ ನನಗೂ ಗೊತ್ತಾಗುತ್ತಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಗೊಣಗಮ್ಮ ಕೂತಿದ್ದಳು. ಬಲಗೈಗೆ ಪಟ್ಟಿ. ಎಡಗೈಯಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಒದ್ದಾಡುತ್ತಿದ್ದಳು. ಇಸಿದುಕೊಂಡು ತೆರೆದುಕೊಟ್ಟೆ. "ಕೊನೆಗೂ ಒಂದು ಕೆಲಸಕ್ಕೆ ಬಂದೆ" ಅಂದಳು. ಅಷ್ಟೇ ಆಕೆ ಹೇಳಿದ್ದು.

ಒಳಗೆ ಮೇಜಿನ ಆಚೆ ನೆಗಡಿ ಹಿಡಿದ ಒಬ್ಬ ಮೇಡಂ. ಪಕ್ಕದಲ್ಲಿ ಸೂಪರ್‌ವೈಸರ್. ತಿದ್ದಿದ ಹೇಳಿಕೆ ಸಹಿಗೆ ಸಿದ್ಧವಾಗಿತ್ತು. ಮೇಡಂ ಹಳೆಯದನ್ನು ಓದಿ ಕೇಳಿದರು, "ಇಲ್ಲಿ ಜೊರೆ ಅಂತಿದೆ. ಜೆ ಅಂತ ಬರೀಬೇಕಾಗಿತ್ತು, ಭಾಷೆ ಬರದೆ ತಪ್ಪಾಗಿದೆ ಅಂತಾರೆ. ಹೌದಾ?" ಸೂಪರ್‌ವೈಸರ್ ನನ್ನ ಜೇಬಿನ ಕಡೆ ಕಣ್ಣು ಮಾಡಿದ. ನಿಮ್ಮ ಹಾಳೆ ಅಲ್ಲೇ ಇತ್ತು.

ನಾನು ಹೇಳಿದೆ, "ತಪ್ಪಾಗಿಲ್ಲ ಮೇಡಂ. ಎರಡೂ ನನಗೆ ಗೊತ್ತು. ಯಾವುದು ಬೇಕೋ ಅದನ್ನೇ ಬರೆದಿದ್ದೇನೆ."

"ಹಾಗಾದರೆ ಮುಚ್ಚಿದ್ದು ನಿಮಗೆ ಖಾತ್ರಿ ಇಲ್ಲ?"

"ಇಲ್ಲ."

"ಆಕೆ ತೆರೆದಿದ್ದು ನೋಡಿದ್ರಾ?"

"ಇಲ್ಲ."

ನನ್ನ ಫ್ರೆಂಚ್ ಅಷ್ಟು ನೆಟ್ಟಗೆ ಯಾವತ್ತೂ ಬಂದಿರಲಿಲ್ಲ. ಸೂಪರ್‌ವೈಸರ್ ಮಧ್ಯೆ ಬಾಯಿ ಹಾಕಿದ, ಇವನಿಗೆ ಪ್ರಶ್ನೆ ಅರ್ಥವಾಗಿಲ್ಲ ಅಂದ. ಮೇಡಂ ಮೂಗು ಒರೆಸಿಕೊಂಡು, "ಈತನಿಗೆ ಅರ್ಥವಾಗಿದೆ" ಅಂದರು.

ಗೊಣಗಮ್ಮನ ಮೇಲೆ ತಪ್ಪು ಹೊರಿಸುವಂತಿಲ್ಲ, ಪರಿಹಾರ ಕೊಡಬೇಕು ಅಂತಾಯಿತು. ನನ್ನ ಕೆಲಸ ಈ ತಿಂಗಳ ಕೊನೆಯವರೆಗೆ. ಕಾಯಂ ಮಾತು ಸತ್ತಹಾಗೆ. ಬೇರೆ ಕಡೆ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ನಿಮ್ಮ ವಾರಗಿತ್ತಿಗೆ ಹೇಗೆ ಹೇಳಲಿ ಅಂತ ತಿಳಿಯುತ್ತಿಲ್ಲ. ದಯವಿಟ್ಟು ನೀವೇ ಹೇಳಿ. ಪೂರ್ತಿ ಹೇಳಿ.

ನಿಮ್ಮ ಹಾಳೆ ವಾಪಸ್ ಕಳಿಸುತ್ತಿದ್ದೇನೆ. ನನಗೋಸ್ಕರ ಬರೆದಿರಿ, ಎಷ್ಟು ಕಷ್ಟಪಟ್ಟು ಬರೆದಿರಿ ಅಂತಲೂ ಗೊತ್ತು. ಆದರೆ ಅದರಲ್ಲಿರುವುದು ಸುಳ್ಳು ಅತ್ತಿಗೆ. ನನಗೆ ಈ ಕಾಲ ಬರುತ್ತದೆ.

ಮೈದುನ

◆

5 ಮೇ

ಪ್ರೀತಿಯ ಮೈದುನನಿಗೆ,

ಹೇಳಿದೆ. ನಿನ್ನ ಪತ್ರಗಳನ್ನೆಲ್ಲ ಅವಳ ಮುಂದಿಟ್ಟು, ನನ್ನ ಹಾಳೆಯನ್ನೂ ಇಟ್ಟು, ಒಂದನ್ನೂ ಬಿಡದೆ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ನನ್ನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು, "ಇದು ನನಗೋಸ್ಕರ ಬರೆದಿದ್ದಾ ಅಕ್ಕಾ?"

"ಮತ್ತಿನ್ಯಾರಿಗೆ? ಅವತ್ತು ನೀನು ಹಗ್ಗದ ಹತ್ರ ನಿಂತಿದ್ದು ನೋಡಿ ಸಂಕಟ ಆಯ್ತು ಕಣೇ" ಅಂದೆ.

"ನನ್ನ ಕೇಳಿದ್ರಾ?" ಅಂದಳು.

ಅಷ್ಟೇ. ದನಿಯನ್ನೂ ಏರಿಸಲಿಲ್ಲ. ನಾನು, ನಿನ್ನಣ್ಣ, ನೀನು, ಮೂರೂ ಜನ ಅವಳ ಹೆಸರು ಹೇಳಿ ಹೇಳಿ ಇಷ್ಟೆಲ್ಲ ಮಾಡಿದೆವು. ಅವಳನ್ನು ಒಂದು ಮಾತು ಕೇಳಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಮೊದಲೇ ಕೇಳಿದ್ದರೆ ಬೇಡ ಅನ್ನುತ್ತಿದ್ದಳಂತೆ. "ಆಕೆ ಕೈ ಬೆಂದಿದೆ, ನಾನು ಕಾಯೋದಕ್ಕೇನು" ಅಂದಳು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ಬೇಜಾರಾಗಿಲ್ಲ ಅಂತ ನಾನು ನಿನಗೆ ಸುಳ್ಳು ಹೇಳುವುದಿಲ್ಲ. ಸಂಜೆ ಬಂದು ನನ್ನ ಪಕ್ಕದಲ್ಲಿ ಕೂತು, "ಅವರಿಗೆ ಪರೀಕ್ಷೆ ಬರೀಲೇಬೇಕು ಅಂತ ಬರೀರಿ. ಈ ಲಾಂಡ್ರಿ ಇಲ್ದಿದ್ರೆ ಇನ್ನೊಂದು ಲಾಂಡ್ರಿ" ಅಂದಳು. ಬರೆದಿದ್ದೇನೆ. ತಪ್ಪಿಸಿಕೊಂಡರೆ ಈ ಸಲ ಕಿವಿ ಹಿಂಡುವವಳು ನಾನಲ್ಲ.

ನಿನ್ನಣ್ಣ ಇನ್ನೂ ಮುಖ ಊದಿಸಿಕೊಂಡಿದ್ದಾರೆ, ಸರಿಹೋಗುತ್ತಾರೆ.

ನಾನು ಕಲಿಸಿದವರಲ್ಲಿ ಯಾರೂ ನನಗೆ ಪಾಠ ವಾಪಸ್ ಕಳಿಸಿರಲಿಲ್ಲ. ಲಕೋಟೆ ಬಿಚ್ಚಿ ನನ್ನ ಅಕ್ಷರ ನನಗೇ ಕಂಡಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಹಾಳೆಯನ್ನು ಹರಿದುಹಾಕಿದೆ. ಹರಿದಿರುತ್ತೇನೆ ಅಲ್ಲ, ನಿನ್ನ ಹೆಂಡತಿಯ ಕಣ್ಣೆದುರಿಗೇ ಹರಿದೆ. ನಿನಗೆ ಈ ಕಾಲ ಬರುತ್ತದೆ ಕಣೋ. ನಾನು ಮೊಹರು ಒತ್ತಿ ಬರೆದುಕೊಡಬೇಕಾಗಿದ್ದದ್ದು ಅಷ್ಟೇ.

ಅತ್ತಿಗೆ